ಹಿಂದಿನ ಸಾಲಿನಿಂದ ಕಾಣುವ ಪಾಠ

ಜುಲೈ ತಿಂಗಳ ಮಳೆ ಮಾಡಿನ ಮೇಲೆ ಬೀಳುವಾಗ ತರಗತಿಯ ಮುಂದೆ ನಿಂತ ಮಾಸ್ತರರ ದನಿ ಮೂರನೇ ಸಾಲು ದಾಟುವುದಿಲ್ಲ. ದಾಟುತ್ತಿಲ್ಲ ಎಂಬುದು ಅವರಿಗೆ ಗೊತ್ತಾಗುವುದೂ ಕಷ್ಟ. ಮುಂದಿನ ಸಾಲಿನ ಮಕ್ಕಳು ತಲೆಯಾಡಿಸುತ್ತಾರೆ. ಹಿಂದಿನವರು ಮುಂದಿನವರನ್ನು ನೋಡಿ ತಲೆಯಾಡಿಸುತ್ತಾರೆ. ಕಾರವಾರದಿಂದ ಅಂಕೋಲೆಯ ಕಡೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಗುಡ್ಡಕ್ಕೂ ಕಡಲಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಹರಡಿಕೊಂಡಿರುವ ಚೆಂಡಿಯಾದಂಥ ಊರುಗಳಲ್ಲಿ ಶಾಲೆಯ ಮೊದಲ ಎರಡು ತಿಂಗಳು ಹೀಗೇ ಕಳೆಯುತ್ತವೆ. ಅದರಲ್ಲೂ ಮಳೆ ಜೋರಾದಾಗ ಜಿಲ್ಲಾಧಿಕಾರಿಗಳು ರಜೆ ಸಾರುತ್ತಾರೆ. ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ಉಳಿದ ದಿನಗಳ ಪಾಠ ಮಳೆಯ ಸದ್ದಿನೊಂದಿಗೆ ಜಗ್ಗಾಡುತ್ತದೆ.

ಹಿಂದಿನ ಸಾಲಿನಲ್ಲಿ ಒಬ್ಬ ದೊಡ್ಡವರು ಕುಳಿತಿದ್ದರೆ ಇದು ಐದೇ ನಿಮಿಷದಲ್ಲಿ ತಿಳಿಯುತ್ತದೆ. ಮಕ್ಕಳನ್ನು ಗೋಲಾಗಿ ಕೂರಿಸಿ ನಡುವೆ ನಿಂತರೆ ಸಾಕೆಂಬ ಪರಿಹಾರವೂ ಅಲ್ಲೇ ಹೊಳೆಯುತ್ತದೆ. ಶಾಲೆಯ ಮೇಲ್ವಿಚಾರಣೆ ಎಂಬ ದೊಡ್ಡ ಮಾತಿನ ತಿರುಳು ನನಗೆ ಕಂಡಂತೆ ಇಷ್ಟೇ: ಪಾಠ ಮಾಡುವವರಿಗೆ ತಾವು ನಿಂತಲ್ಲಿಂದ ಕಾಣದಿರುವುದನ್ನು ಇನ್ನೊಬ್ಬರು ಕುಳಿತಲ್ಲಿಂದ ಕಂಡು, ಅವರಿಗೆ ಒಪ್ಪುವಂತೆ ಹೇಳುವುದು. ನಮ್ಮ ವ್ಯವಸ್ಥೆಯಲ್ಲಿ ಮೇಲ್ವಿಚಾರಕರು ಕಡಿಮೆಯಿಲ್ಲ. ಹಿಂದಿನ ಸಾಲಿನಲ್ಲಿ ಪೂರ್ತಿ ಒಂದು ಅವಧಿ ಕೂರುವವರು ಕಡಿಮೆ.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ಇನ್‌ಸ್ಪೆಕ್ಷನ್ ಬಂತು. ಬರುವ ಮೊದಲು ಮೂರು ದಿನ ಒಂದೇ ಪಾಠವನ್ನು ಮತ್ತೆ ಮತ್ತೆ ಮಾಡಿಸಿಕೊಂಡೆವು. ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕು ಎಂಬುದು ನಮಗೆಲ್ಲ ಬಾಯಿಪಾಠ. ಸಾಹೇಬರು ಬಂದರು, ಬಾಗಿಲಲ್ಲಿ ನಿಂತು ಎರಡು ಪ್ರಶ್ನೆ ಕೇಳಿದರು, ಆಫೀಸಿನಲ್ಲಿ ಕುಳಿತು ಹಾಜರಿ, ಪಾಠ ಟಿಪ್ಪಣಿ, ದಾಸ್ತಾನು ಪುಸ್ತಕ ನೋಡಿ ಷರಾ ಬರೆದು ಹೋದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗನಿಗೆ ಆಗ ಓದಲು ಬರುತ್ತಿರಲಿಲ್ಲ. ಅವನನ್ನು ಆ ದಿನ ಎಲ್ಲರಿಗಿಂತ ಹಿಂದೆ, ಕಂಬದ ಮರೆಯಲ್ಲಿ ಕೂರಿಸಿದ್ದರು. ಐದನೆಯ ತರಗತಿ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ. ಆ ಕಂಬದ ಮರೆ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಕನ್ನಡ ನಾಡಿನಲ್ಲಿ ತಪಾಸಣೆಯ ಚರಿತ್ರೆ ಇಷ್ಟು ಬಡವಾಗಿಯೇನೂ ಶುರುವಾಗಲಿಲ್ಲ. 1854ರ ವುಡ್ ವರದಿಯ ಮೇರೆಗೆ ಪ್ರಾಂತ್ಯಗಳಲ್ಲಿ ಶಿಕ್ಷಣ ಇಲಾಖೆಗಳು ಹುಟ್ಟಿದವು, ಇನ್‌ಸ್ಪೆಕ್ಟರುಗಳು ನೇಮಕವಾದರು. 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಇದರಿಂದ ನಮ್ಮ ಕರಾವಳಿಯ ಶಾಲೆಗಳ ನಂಟು ಧಾರವಾಡದ ಕಡೆಗೆ ತಿರುಗಿತು. ಅಲ್ಲಿ ಚನ್ನಬಸಪ್ಪ ಎಂಬವರು ಡೆಪ್ಯುಟಿ ಎಜುಕೇಷನಲ್ ಇನ್‌ಸ್ಪೆಕ್ಟರ್ ಆಗಿದ್ದರು. ಮರಾಠಿಯೇ ಶಾಲೆಗಳನ್ನು ಆಳುತ್ತಿದ್ದ ಕಾಲ ಅದು. ಕನ್ನಡ ಶಾಲೆಗಳಿಗಾಗಿ, ಕನ್ನಡ ಪಠ್ಯಗಳಿಗಾಗಿ, ಶಿಕ್ಷಕರ ತರಬೇತಿಗಾಗಿ ಅವರು ದುಡಿದ ಪರಿ ಎಂಥದೆಂದರೆ ಹುದ್ದೆಯ ಹೆಸರೇ ಅವರ ಹೆಸರಿನ ಭಾಗವಾಯಿತು. 1881ರಲ್ಲಿ ತೀರಿಕೊಂಡವರನ್ನು ಇಂದಿಗೂ ಡೆಪ್ಯುಟಿ ಚನ್ನಬಸಪ್ಪ ಎಂದೇ ಕರೆಯುತ್ತೇವೆ. ತಪಾಸಣಾಧಿಕಾರಿಯ ಹುದ್ದೆಯನ್ನು ಜನ ಪ್ರೀತಿಯ ಬಿರುದಾಗಿ ಉಳಿಸಿಕೊಂಡ ಉದಾಹರಣೆ ಬೇರೆ ಎಷ್ಟಿವೆ?

ಅವರ ಕಾಲದಲ್ಲೇ, 1865ರಲ್ಲಿ, ಶಿಕ್ಷಕರಿಗೆಂದೇ ‘ಮಠಪತ್ರಿಕೆ’ ಹೊರಟಿತು. ಮಠವೆಂದರೆ ಆಗಿನ ಮಾತಿನಲ್ಲಿ ಶಾಲೆ. ಹೆಸರು ಬದಲಾಗುತ್ತ ಬಂದ ಆ ಪತ್ರಿಕೆ ಇಂದು ‘ಜೀವನ ಶಿಕ್ಷಣ’ ಎಂದು ಧಾರವಾಡದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಿಂದ ಬರುತ್ತಿದೆ. ಅಧಿಕಾರಿ ವರ್ಷಕ್ಕೊಮ್ಮೆ ಬಂದು ತಪ್ಪು ಹುಡುಕಿದರೆ ಸಾಲದು, ಊರೂರಿನಲ್ಲಿ ಒಂಟಿಯಾಗಿ ಕಲಿಸುತ್ತಿರುವ ಮಾಸ್ತರಿಗೆ ಕಲಿಸುವ ಬಗೆಯೂ ತಲುಪಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು.

ಸಮುದ್ರದಾಚೆ ಇಂಗ್ಲೆಂಡಿನಲ್ಲಿ ಅದೇ 1862ರಲ್ಲಿ ಇನ್ನೊಂದು ದಾರಿ ತೆರೆಯಿತು. ಇನ್‌ಸ್ಪೆಕ್ಟರು ಬಂದ ದಿನ ಎಷ್ಟು ಮಕ್ಕಳು ಓದು, ಬರಹ, ಲೆಕ್ಕದಲ್ಲಿ ತೇರ್ಗಡೆಯಾಗುತ್ತಾರೋ ಅಷ್ಟು ಅನುದಾನ ಎಂಬ ನಿಯಮ. ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಒಪ್ಪಿಸುವಷ್ಟು ಬಾಯಿಪಾಠ ಮಾಡಿಸುವುದೇ ಪಾಠವಾಗಿಬಿಟ್ಟಿತು. ಕವಿ ಮ್ಯಾಥ್ಯೂ ಆರ್ನಾಲ್ಡ್ 35 ವರ್ಷ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಈ ಪದ್ಧತಿಯನ್ನು ತಮ್ಮ ಇಲಾಖೆಯ ವಿರುದ್ಧವೇ ನಿಂತು ಖಂಡಿಸಿದರು. ಶತಮಾನ ತಿರುಗುವ ಮುಂಚೆ ಅದು ರದ್ದಾಯಿತು. ನಮ್ಮ ನಾಲ್ಕನೇ ತರಗತಿಯ ಆ ಮೂರು ದಿನಗಳಲ್ಲಿ ಅದು ಬದುಕಿಯೇ ಇತ್ತು.

ಈಗಿನ ಏಣಿ ಹೀಗಿದೆ. ಚೆಂಡಿಯಾದ ಶಾಲೆಗಳ ಮೇಲೆ ಸಮೂಹ ಸಂಪನ್ಮೂಲ ಕೇಂದ್ರದ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ತಾಲೂಕಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ), ಕಾರವಾರದಲ್ಲಿ ಉಪನಿರ್ದೇಶಕರು, ಶಿಕ್ಷಕರ ತರಬೇತಿಗೆ ಕುಮಟಾದ ಡಯಟ್. ಪ್ರೌಢಶಾಲೆಗಳಿಗೆ ವಿಷಯ ಪರಿವೀಕ್ಷಕರು ಬೇರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಡಯಟ್‌ಗಳು ಬಂದವು. ತೊಂಬತ್ತರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ), ಆಮೇಲೆ ಸರ್ವಶಿಕ್ಷಾ ಅಭಿಯಾನದ ಮೂಲಕ ಸಮೂಹ ಕೇಂದ್ರಗಳು ಬಂದವು. ಶಿಸ್ತು ನೋಡುವವರು ಬೇರೆ, ಪಾಠಕ್ಕೆ ಆಸರೆಯಾಗುವವರು ಬೇರೆ ಇರಲಿ ಎಂಬುದು ಇದರ ಹಿಂದಿನ ಆಲೋಚನೆ. ಆಡಳಿತವನ್ನೂ ಶೈಕ್ಷಣಿಕ ಮಾರ್ಗದರ್ಶನವನ್ನೂ ಬೇರ್ಪಡಿಸಬೇಕೆಂದು 1964–66ರ ಕೊಠಾರಿ ಆಯೋಗವೇ ಹೇಳಿತ್ತು.

ಸಿಆರ್‌ಪಿ ಎಂಬ ಹುದ್ದೆಯಲ್ಲಿ ನನಗೆ ಬಹಳ ನಂಬಿಕೆ. ಅವರೂ ಶಿಕ್ಷಕರೇ, ನಿಗದಿತ ಅವಧಿಗೆ ಈ ಕೆಲಸಕ್ಕೆ ಬಂದವರು. ನೋಟಿಸು ಕೊಡುವ, ವೇತನ ಬಡ್ತಿ ತಡೆಯುವ ಅಧಿಕಾರ ಅವರಿಗಿಲ್ಲ. ಇದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ಆದರೆ ತನ್ನಿಂದ ಏನನ್ನೂ ಕಸಿದುಕೊಳ್ಳುವ ಶಕ್ತಿಯಿಲ್ಲದವರ ಎದುರಿಗೇ ಶಿಕ್ಷಕಿ ‘ಸರ್, ಈ ಪಾಠ ನನಗೆ ಸರಿಯಾಗಿ ಬರೋದಿಲ್ಲ’ ಎಂದು ಬಾಯಿಬಿಡಬಲ್ಲಳು. ಆ ಒಂದು ವಾಕ್ಯ ಹೊರಬರದೆ ಯಾವ ತರಗತಿಯೂ ಸುಧಾರಿಸುವುದಿಲ್ಲ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಯಾವುದೋ ಒಂದು ನಿರ್ದಿಷ್ಟ ಶಾಲೆಯದಲ್ಲ; ಈ ಕರಾವಳಿಯಲ್ಲಿ ಯಾವ ಬುಧವಾರವೂ ನಡೆಯಬಹುದಾದದ್ದು. ಮೂರನೇ ತರಗತಿ, ಹದಿನೆಂಟು ಮಕ್ಕಳು, ದಶಕ ಸಹಿತ ವ್ಯವಕಲನ. ಬುಟ್ಟಿಯಲ್ಲಿ 52 ಬಂಗಡೆ, 27 ಮಾರಿದರೆ ಉಳಿದದ್ದೆಷ್ಟು? ಅಕ್ಕೋರು, ಅಂದರೆ ಶಿಕ್ಷಕಿ, ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾರೆ. ‘ಎರಡರಲ್ಲಿ ಏಳು ಹೋಗ್ತದಾ?’ ‘ಇಲ್ಲಾ’ ಎಂದು ಇಡೀ ತರಗತಿ ಒಟ್ಟಿಗೆ ಕೂಗುತ್ತದೆ. ಮುಂದಿನ ಸಾಲಿನ ಇಬ್ಬರನ್ನು ಕೇಳುತ್ತಾರೆ. ಇಬ್ಬರೂ 25 ಎನ್ನುತ್ತಾರೆ. ಪಾಠ ಚೆನ್ನಾಗಿಯೇ ನಡೆಯಿತು. ಬಾಗಿಲಲ್ಲಿ ನಿಂತವರ ಷರಾ ಏನಿರುತ್ತದೆ? ‘ಬೋಧನೆ ಉತ್ತಮ. ಕಲಿಕೋಪಕರಣ ಬಳಸಲು ಸೂಚಿಸಿದೆ.’

ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಬೇರೆಯೇ ಕಾಣುತ್ತದೆ. ಪಕ್ಕದ ಹುಡುಗಿಯ ಪಟ್ಟಿಯಲ್ಲಿ ಉತ್ತರ 35 ಎಂದಿದೆ. ಅವಳ ಮುಂದಿನವನದೂ 35. ಅವಧಿ ಮುಗಿಯುವಾಗ ನೋಡಿದರೆ ಹನ್ನೊಂದು ಪಟ್ಟಿಗಳಲ್ಲಿ ಅದೇ 35. ಮಕ್ಕಳು ಎಡವಿರುವುದು ಅಜಾಗರೂಕತೆಯಿಂದಲ್ಲ, ಅವರಿಗೊಂದು ತರ್ಕವಿದೆ. ಎರಡರಲ್ಲಿ ಏಳು ಹೋಗುವುದಿಲ್ಲ, ಏಳರಲ್ಲಿ ಎರಡು ಹೋಗುತ್ತದಲ್ಲ, ಹಾಗಾಗಿ ಐದು. ಐದರಲ್ಲಿ ಎರಡು ಹೋದರೆ ಮೂರು. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ನಿಯಮವನ್ನು ಅವರೇ ಕಟ್ಟಿಕೊಂಡಿದ್ದಾರೆ. ‘ಇನ್ನೊಮ್ಮೆ ಸರಿಯಾಗಿ ಮಾಡಿ’ ಎಂದರೆ ಇನ್ನೊಮ್ಮೆ 35 ಬರುತ್ತದೆ. ಹತ್ತು ಸಲ ಮಾಡಿಸಿದರೆ ಹತ್ತು ಸಲವೂ.

ಮೇಲ್ವಿಚಾರಣೆ ನಿಜವಾಗಿ ಶುರುವಾಗುವುದು ಈಗ, ಮಕ್ಕಳು ಊಟಕ್ಕೆ ಎದ್ದ ಮೇಲೆ.

‘ಅಕ್ಕೋರೇ, ಇವತ್ತು ಎಷ್ಟು ಮಕ್ಕಳು ಮಾತಾಡಿದ್ರು ಅನಿಸ್ತದೆ ನಿಮಗೆ?’

‘ಎಲ್ಲರೂ ಹೇಳಿದ್ರಲ್ಲ ಸರ್.’

‘ಒಟ್ಟಿಗೆ ಹೇಳಿದ್ದು ಎಲ್ಲರೂ. ಇಡೀ ಅವಧಿಯಲ್ಲಿ ಒಬ್ಬೊಬ್ಬರಾಗಿ ಹೇಳಿದ್ದು ನಾಲ್ಕು ಮಂದಿ, ನಾನು ಗುರುತು ಹಾಕ್ಕೊಂಡಿದ್ದೇನೆ. ಈ ಪಟ್ಟಿಗಳನ್ನ ಒಟ್ಟಿಗೆ ನೋಡುವಾ?’

ಇಲ್ಲಿ ಸಿಆರ್‌ಪಿ ‘ನಿಮ್ಮ ಬೋಧನೆ ಸರಿಯಿಲ್ಲ’ ಎಂದಿಲ್ಲ. ‘ತುಂಬ ಚೆನ್ನಾಗಿತ್ತು’ ಎಂದೂ ಹೇಳಿಲ್ಲ. ಎಣಿಸಿದ್ದನ್ನು ತೋರಿಸಿದ್ದಾರೆ. ಹನ್ನೊಂದು ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟರೆ ಉಳಿದದ್ದನ್ನು ಅಕ್ಕೋರು ತಾವೇ ಕಾಣುತ್ತಾರೆ. ಆಮೇಲಿನ ಮಾತು ಪರಿಹಾರದ್ದು: ತೆಂಗಿನ ಗರಿಯ ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ ಐದು ಕಟ್ಟು, ಎರಡು ಬಿಡಿ ಕೊಟ್ಟು ‘ಇದರಲ್ಲಿ ಏಳು ಬಿಡಿ ನನಗೆ ಕೊಡು’ ಎಂದರೆ ಮಗು ಒಂದು ಕಟ್ಟನ್ನು ಬಿಚ್ಚಲೇಬೇಕು. ಬಿಚ್ಚಿದ ಕೈಗೆ ಅರ್ಥವಾಗಿದ್ದು ಬೋರ್ಡಿನ ಮೇಲೆ ಐದನ್ನು ಹೊಡೆದು ನಾಲ್ಕು ಮಾಡುವುದರಿಂದ ಅರ್ಥವಾಗಿರಲಿಲ್ಲ. ಇದು ಹೊಸ ಸಂಶೋಧನೆಯೇನಲ್ಲ, ಅಕ್ಕೋರಿಗೂ ತರಬೇತಿಯಲ್ಲಿ ಹೇಳಿದ್ದಾರೆ. ಯಾವ ದಿನ, ಯಾವ ಮಕ್ಕಳಿಗೆ, ಏಕೆ ಬೇಕು ಎಂಬುದನ್ನು ತರಬೇತಿ ಹೇಳಲಾರದು, ಪಟ್ಟಿ ಹೇಳುತ್ತದೆ.

ಮುಂದಿನ ಹದಿನೈದು ದಿನದೊಳಗೆ ಅದೇ ತರಗತಿಗೆ, ಅದೇ ಲೆಕ್ಕಕ್ಕೆ ಅವರು ಮತ್ತೆ ಬಾರದಿದ್ದರೆ ಇಷ್ಟೂ ಶ್ರಮ ನೀರಿನಲ್ಲಿ ಹೋದಂತೆ. ನಮ್ಮಲ್ಲಿ ಭೇಟಿಗಳನ್ನು ಎಣಿಸುತ್ತೇವೆ, ಮರುಭೇಟಿಗಳನ್ನು ಎಣಿಸುವುದಿಲ್ಲ. ತಿಂಗಳಿಗೆ ಇಂತಿಷ್ಟು ಶಾಲೆ ಎಂದು ಗುರಿ ಕೊಟ್ಟಾಗ ಯಾವ ಅಧಿಕಾರಿಯಾದರೂ ಹೊಸ ಶಾಲೆಗೇ ಹೋಗುತ್ತಾರೆ.

ಪಾಠಕ್ಕೆ ಮೊದಲು ಮಾತು, ಪಾಠದ ವೀಕ್ಷಣೆ, ಬರೆದುಕೊಂಡದ್ದರ ಪರಿಶೀಲನೆ, ಶಿಕ್ಷಕರೊಂದಿಗೆ ಮಾತು, ಕೊನೆಗೆ ಮೇಲ್ವಿಚಾರಕರು ತಮ್ಮ ಕೆಲಸವನ್ನೇ ಒರೆಗೆ ಹಚ್ಚಿಕೊಳ್ಳುವುದು ಎಂಬ ಸುತ್ತನ್ನು ಅಮೆರಿಕದ ಹಾರ್ವರ್ಡ್‌ನಲ್ಲಿ ಮಾರಿಸ್ ಕೋಗನ್ ಮತ್ತು ಅವರ ಜೊತೆಗಾರರು 1950ರ ದಶಕದಲ್ಲಿ ರೂಪಿಸಿದರು. ಅವರಲ್ಲೊಬ್ಬರಾದ ರಾಬರ್ಟ್ ಗೋಲ್ಡ್‌ಹ್ಯಾಮರ್ ಬರೆದ ಪುಸ್ತಕ 1969ರಲ್ಲಿ ಬಂತು. ‘ಕ್ಲಿನಿಕಲ್ ಸೂಪರ್‌ವಿಷನ್’ ಎಂದು ಅದಕ್ಕೆ ಹೆಸರು. ಇದರಲ್ಲಿ ನನಗೆ ಹಿಡಿಸಿದ್ದು ಮೊದಲ ಹಂತ. ಏನನ್ನು ನೋಡಬೇಕೆಂದು ಶಿಕ್ಷಕರನ್ನೇ ಕೇಳಿಕೊಂಡು ತರಗತಿಗೆ ಹೋಗುವುದು. ‘ನನ್ನ ಹಿಂದಿನ ಸಾಲಿನ ಆರು ಮಕ್ಕಳು ಏನು ಮಾಡ್ತಾರೆ ನೋಡಿ ಹೇಳಿ’ ಎಂದು ಶಿಕ್ಷಕಿ ಹೇಳಿದರೆ ನೋಡುವವರು ಆ ದಿನ ಅವರ ಕಣ್ಣಾಗಿ ಕೆಲಸ ಮಾಡುತ್ತಾರೆ.

ನೋಡಬೇಕಾದದ್ದು ಎಷ್ಟು ಸಣ್ಣದಿರಬಹುದು ಎಂಬುದಕ್ಕೆ ಇನ್ನೊಂದು ನಿದರ್ಶನ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದು ಕಂಡರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಮನೆಮಾತು ಬೇರೆಯಿರುವ ಮಗುವಿಗೆ ಆ ಎರಡು ಸೆಕೆಂಡು ಇನ್ನೂ ದೊಡ್ಡದು. ಪ್ರಶ್ನೆಯನ್ನು ಮನಸ್ಸಿನಲ್ಲಿ ಕೊಂಕಣಿ ಮಾಡಿಕೊಂಡು ಉತ್ತರವನ್ನು ಕನ್ನಡ ಮಾಡಿ ಹೇಳಬೇಕು ಅದು.

ಈ ಭಾಷೆಯ ಸಂಗತಿ ಕಾರವಾರ ಸೀಮೆಯಲ್ಲಿ ಎಲ್ಲಕ್ಕಿಂತ ಮುಖ್ಯ. ಇಲ್ಲಿನ ಎಷ್ಟೋ ಮಕ್ಕಳು ಮನೆಯಲ್ಲಿ ಆಡುವುದು ಕೊಂಕಣಿ. ಅಂಕೋಲೆಯ ಹಾಲಕ್ಕಿ ಸಮುದಾಯದ ಕೇರಿಯ ಮಕ್ಕಳ ಕನ್ನಡದ ಜಾಯಮಾನವೇ ಬೇರೆ. 1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಐಎನ್‌ಎಸ್ ಕದಂಬವಾಗಿ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಗಾಗಿ ನೆಲ ಬಿಟ್ಟ ಕುಟುಂಬಗಳು ತೋಡೂರು ಮೊದಲಾದೆಡೆ ಹೊಸ ಕಾಲೊನಿಗಳಲ್ಲಿ ನೆಲೆಸಿವೆ. ಬೇರೆ ಬೇರೆ ಊರು, ಕಸುಬು, ಮಾತಿನ ಮನೆಗಳು ಅಲ್ಲಿ ಒತ್ತೊತ್ತಾಗಿ ಬಂದವು. ಇನ್ನು ಶಿಕ್ಷಕರಲ್ಲಿ ಹಲವರು ಘಟ್ಟದ ಮೇಲಿನ ಬಯಲುಸೀಮೆಯಿಂದ ಬಂದವರು. ಅಂಥ ಒಬ್ಬ ಶಿಕ್ಷಕರು ಒಂದನೇ ತರಗತಿಯಲ್ಲಿ ಏಡಿಯ ಚಿತ್ರ ತೋರಿಸುತ್ತಾರೆ. ಮಗು ‘ಕುರ್ಲಿ’ ಎನ್ನುತ್ತದೆ. ‘ತಪ್ಪು, ಏಡಿ ಅನ್ನು.’ ತೀರದಲ್ಲಿ ಕುರ್ಲಿ ಹಿಡಿದು ಬೆಳೆದ ಮಗುವಿಗೆ ತನಗೆ ಗೊತ್ತಿದ್ದದ್ದೇ ತಪ್ಪು ಎಂದು ಕೇಳಿಸುತ್ತದೆ. ಮರುದಿನ ಅದು ಬಾಯಿ ತೆರೆಯುವುದಿಲ್ಲ.

ಇದನ್ನು ಕಾಣಲು ನೋಡುವವರಿಗೂ ಊರು ಗೊತ್ತಿರಬೇಕು. ತರಗತಿಯಲ್ಲಿ ಒಂದು ಕೊಂಕಣಿ ಮಾತು ಕೇಳಿಸಿದರೆ ‘ಮಾಧ್ಯಮ ಭಾಷೆಯಲ್ಲೇ ವ್ಯವಹರಿಸಲು ಸೂಚಿಸಿದೆ’ ಎಂದು ಷರಾ ಬರೆಯುವವರು ಅತ್ಯುತ್ತಮ ಶಿಕ್ಷಕಿಯ ಕೈ ಕಟ್ಟಿಹಾಕುತ್ತಾರೆ. ‘ನಿಮ್ಮನೇಲಿ ಕುರ್ಲಿ, ಪುಸ್ತಕದಲ್ಲಿ ಏಡಿ, ಎರಡೂ ಅದೇ’ ಎಂದವರು ಮಗುವನ್ನು ಕನ್ನಡದ ಹತ್ತಿರ ಕರೆತರುತ್ತಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಹಾಲಕ್ಕಿ ಮಹಿಳೆ ತುಳಸಿ ಗೌಡರು ಕಾಡಿನ ಪ್ರತಿ ಜಾತಿಯ ತಾಯಿಮರವನ್ನು ಗುರುತಿಸಿ ಬೀಜ ಹಿಡಿಯುತ್ತಿದ್ದದ್ದು ಇದೇ ಅಂಕೋಲೆಯ ಹೊನ್ನಳ್ಳಿಯಲ್ಲಿ. ಅವರ ಕೇರಿಯ ಮಗು ವಿಜ್ಞಾನದ ತರಗತಿಯಲ್ಲಿ ಮೌನವಾಗಿ ಕುಳಿತಿದ್ದರೆ ಆ ಮೌನ ಎಲ್ಲಿಂದ ಬಂತೆಂದು ಯಾರಾದರೂ ಕೇಳಬೇಡವೇ?

ಶಿಕ್ಷಕರೂ ಮೇಲ್ವಿಚಾರಕರೂ ಒಂದೇ ಬದಿಯಲ್ಲಿ ಕುಳಿತ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ತಮ್ಮದೇ ಕಾರ್ಡುಗಳನ್ನು, ಕಲಿಕಾ ಏಣಿಯನ್ನು ಕಟ್ಟಿದರು. ಅದೇ ನಲಿ-ಕಲಿ. ಅಲ್ಲಿ ಪದ್ಧತಿಯನ್ನು ಕಟ್ಟಿದವರೇ ಕಲಿಸುತ್ತಿದ್ದರು. ಕಂಡ ತೊಡಕನ್ನು ಒಬ್ಬರಿಗೊಬ್ಬರು ಹೇಳಿಕೊಂಡು ತಿದ್ದುತ್ತಿದ್ದರು. 2009–10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಕಾರ್ಡುಗಳು ಹೋದಷ್ಟು ದೂರ ಆ ಒಡನಾಟ ಹೋಗಲಿಲ್ಲ ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತು ಗುನುಗುವ ಕೋಣೆಗೆ ಬೋರ್ಡು-ಸೀಮೆಸುಣ್ಣದ ಪಾಠವನ್ನಷ್ಟೇ ಅಳೆದು ಗೊತ್ತಿದ್ದ ಅಧಿಕಾರಿ ಬಂದರೆ ಅವರಿಗೆ ಕೇಳಿಸುವುದು ಗದ್ದಲ. ಶಿಕ್ಷಕರಿಗೆ ತರಬೇತಿ ಕೊಟ್ಟಷ್ಟೇ ಕಾಳಜಿಯಿಂದ ನೋಡುವವರಿಗೂ ನೋಡುವುದನ್ನು ಕಲಿಸಬೇಕಿತ್ತು.

ಹೊತ್ತೆಲ್ಲಿದೆ ಎಂದು ಸಿಆರ್‌ಪಿಗಳು ಕೇಳಬಹುದು. ಅವರ ಪ್ರಶ್ನೆ ನ್ಯಾಯವಾದದ್ದು. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಒಬ್ಬ ಸಮೂಹ ಸಂಯೋಜಕರಿಗೆ 18 ಶಾಲೆಗಳ ಲೆಕ್ಕ ಹಾಕಲಾಗಿದೆ. ತಿಂಗಳ ಕೆಲಸದ ದಿನಗಳಲ್ಲಿ ಸಭೆ, ತರಬೇತಿ, ಅಂಕಿಅಂಶ ಕಳೆದರೆ ಶಾಲೆಗೊಂದು ದಿನವೂ ಉಳಿಯುವುದಿಲ್ಲ. ಮುಖ್ಯ ಶಿಕ್ಷಕರ ಪಾಡು ಇನ್ನೂ ಬಿಗಿ. ಮಕ್ಕಳ ದಾಖಲೆಯ ಸ್ಯಾಟ್ಸ್ ತಂತ್ರಾಂಶ, ಬಿಸಿಯೂಟ, ಹಾಲು, ಮೊಟ್ಟೆ, ವಿದ್ಯಾರ್ಥಿವೇತನ, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿ, ಮುಗಿಯದಾಗ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದನ್ನು ಕಂಡಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಪ್ರತ್ಯೇಕ ಮುಖ್ಯ ಶಿಕ್ಷಕರು ಬೇಕಾದರೆ ಮಕ್ಕಳ ಸಂಖ್ಯೆ 150 ದಾಟಬೇಕು. ಹೀಗಾಗಿ ಚಿಕ್ಕ ಶಾಲೆಗಳಲ್ಲಿ ‘ಪ್ರಭಾರ’ ಎಂಬ ಶಬ್ದ ಹೊತ್ತ ಶಿಕ್ಷಕರೇ ಪಾಠ ಮಾಡಬೇಕು, ಆಫೀಸು ನೋಡಬೇಕು, ಜೊತೆಯವರ ಪಾಠವನ್ನೂ ನೋಡಬೇಕು. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಇನ್ನೊಬ್ಬರ ತರಗತಿಯಲ್ಲಿ ಕುಳಿತರೆ ತಮ್ಮ ತರಗತಿಯನ್ನು ಯಾರಿಗೆ ಒಪ್ಪಿಸಬೇಕು?

ಹಾಗೆಂದು ನಮ್ಮ ಸರ್ಕಾರಕ್ಕೆ ನಿಗಾ ಇಡಲು ಬರುವುದಿಲ್ಲ ಎನ್ನಲಾಗದು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಹಾಕಲಾಯಿತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ನಕಲು ನಿಲ್ಲಿಸಿದ್ದು ಸರಿಯಾದ ಕೆಲಸ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಕ್ಯಾಮೆರಾ ತೋರಿಸಿದ್ದು ಹತ್ತು ವರ್ಷಗಳ ಕೊನೆಯ ಮೂರು ಗಂಟೆಯನ್ನು. ಮೂರನೇ ತರಗತಿಯಲ್ಲಿ 35 ಎಂದು ಬರೆದ ಹುಡುಗಿ ಹತ್ತನೆಯ ತರಗತಿಯ ಕೊಠಡಿಯಲ್ಲಿ ಖಾಲಿ ಹಾಳೆಯ ಮುಂದೆ ಕುಳಿತಾಗಲಷ್ಟೇ ನಾವು ಅವಳನ್ನು ನೋಡಿದೆವು. ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತು: ಶಾಲೆಗೆ ನೋಟಿಸು, ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್.

ಈ ಕರಾವಳಿಯಲ್ಲಿ ಮಾಸ್ತರಿಕೆಗೆ ಗೌರವದ ಪರಂಪರೆಯಿದೆ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಬಡವರ ಮಕ್ಕಳ ಬಾಗಿಲಿಗೆ ಪ್ರೌಢಶಾಲೆ ತಂದದ್ದು ಅಂಕೋಲೆಯಿಂದ. ಗೌರೀಶ ಕಾಯ್ಕಿಣಿಯವರಂಥ ವಿದ್ವಾಂಸರು ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತ ಬಾಳಿದರು. ಇಂಥ ನೆಲದಲ್ಲಿ ತರಗತಿಯೊಳಗೆ ಇನ್ನೊಬ್ಬ ಶಿಕ್ಷಕರು ಬಂದು ಕುಳಿತರೆ ಅವಮಾನವೆನಿಸಬೇಕಿಲ್ಲ.

ಹೊಸ ಹುದ್ದೆ, ಹೊಸ ಆ್ಯಪ್ ಇಲ್ಲದೆಯೂ ಆಗುವ ಕೆಲಸವಿದೆ. ಸಮೂಹ ಕೇಂದ್ರದಲ್ಲಿ ನಡೆಯುವ ಸಮಾಲೋಚನಾ ಸಭೆ ಹೆಚ್ಚಾಗಿ ಸುತ್ತೋಲೆ ಓದುವುದರಲ್ಲಿ ಮುಗಿಯುತ್ತದೆ. ಸುತ್ತೋಲೆಯನ್ನು ವಾಟ್ಸ್ಯಾಪ್‌ನಲ್ಲಿ ಓದಿಕೊಳ್ಳಬಹುದು. ಆ ಸಭೆಯನ್ನು ಮಕ್ಕಳಿರುವ ಹೊತ್ತಿಗೆ ಒಂದು ಶಾಲೆಯಲ್ಲಿ ಇಡಲಿ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡುತ್ತ ಬಂದಿರುವ ‘ಜುಗ್ಯೋ ಕೆಂಕ್ಯು’ ಇದೇ: ನಾಲ್ಕಾರು ಮಂದಿ ಕೂಡಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ, ಸಂಜೆ ಪಾಠವನ್ನು ತಿದ್ದಿ ಇನ್ನೊಂದು ತರಗತಿಯಲ್ಲಿ ಮತ್ತೆ ಕಲಿಸಿ ನೋಡುತ್ತಾರೆ. ತಪ್ಪಿದರೆ ತಪ್ಪಿದ್ದು ಎಲ್ಲರೂ ಸೇರಿ ಕಟ್ಟಿದ ಪಾಠ. ಯಾರ ಮಾನವೂ ಹೋಗುವುದಿಲ್ಲ. ಕೆನ್ಯಾದಲ್ಲಿ 2015ರಿಂದ ನಡೆದ ‘ಟುಸೋಮೆ’ ಓದಿನ ಕಾರ್ಯಕ್ರಮದ ಒಂದು ಕ್ರಮವೂ ನಮಗೆ ಆಗುತ್ತದೆ. ಪಾಠ ನೋಡಿದ ಮೇಲ್ವಿಚಾರಕರು ಹೊರಡುವ ಮುನ್ನ ಕೆಲವು ಮಕ್ಕಳಿಂದ ತಾವೇ ಓದಿಸಿ ಕೇಳುತ್ತಾರೆ, ತರಗತಿ ನೋಡಿದ ದಾಖಲೆಯ ಮೇಲೆಯೇ ಅವರಿಗೆ ಪ್ರಯಾಣ ಭತ್ಯೆ ಸಿಗುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ವಾರದಲ್ಲಿ ಎರಡು ದಿನ ಸಿಆರ್‌ಪಿಗಳಿಂದ ಯಾವ ಮಾಹಿತಿಯನ್ನೂ ಕೇಳದಿರುವುದು.

ಆ ಎರಡು ದಿನ ಸಿಕ್ಕವರು ಷರಾ ಪುಸ್ತಕವನ್ನು ಕೊನೆಗೆ ತೆರೆದರೂ ನಡೆಯುತ್ತದೆ. ಅದರಲ್ಲಿ ಒಂದೇ ಸಾಲು ಬರೆದರೆ ಸಾಕು: ಮೂರನೇ ತರಗತಿ, 18ರಲ್ಲಿ 11 ಮಕ್ಕಳಿಗೆ ದಶಕ ಬಿಡಿಸುವುದು ಬರುತ್ತಿಲ್ಲ, ಕಡ್ಡಿಕಟ್ಟು ಬಳಸಲು ಅಕ್ಕೋರೂ ನಾನೂ ಮಾತಾಡಿಕೊಂಡಿದ್ದೇವೆ, ಮುಂದಿನ ಬುಧವಾರ ಎರಡನೇ ಅವಧಿಗೆ ಮತ್ತೆ ಬರುತ್ತೇನೆ.